ಗಡಿಯಾಚೆಗೆ ಕನ್ನಡ ತಲುಪಿದ ದಾರಿ ಮತ್ತು ಅದರ ದರ

ಕೇಬಲ್ ಸಂಪರ್ಕವನ್ನು ಉಳಿಸಿಕೊಳ್ಳಬೇಕೇ, ಛಾವಣಿಯ ಮೇಲಿನ ಡಿಟಿಎಚ್ ತಟ್ಟೆ ಸಾಕೇ, ಅಥವಾ ಎರಡನ್ನೂ ಬಿಟ್ಟು ಮೊಬೈಲಿನಲ್ಲಿ ದೊರೆಯುವ ಸ್ಟ್ರೀಮಿಂಗ್ ಸೇವೆಗಳಿಗೆ ಚಂದಾ ಕಟ್ಟಬೇಕೇ ಎಂಬ ಲೆಕ್ಕಾಚಾರ ಇಂದು ಎಲ್ಲ ಮನೆಗಳಲ್ಲೂ ನಡೆಯುತ್ತಿದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇರುವ ಕನ್ನಡಿಗನಿಗೆ ಇದು ತಿಂಗಳ ಖರ್ಚಿನ ಪ್ರಶ್ನೆ ಮಾತ್ರ. ಯಾವ ದಾರಿ ಹಿಡಿದರೂ ಅವನಿಗೆ ಕನ್ನಡ ಸಿಗುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ ನಮ್ಮ ಖಾತೆಯಲ್ಲಿ ಮಾತ್ರ ಇನ್ನೊಂದು ಬಾಬು ಸೇರಿಕೊಂಡಿದೆ. ಈ ದಾರಿಯಲ್ಲಿ ಕನ್ನಡ ಬರುತ್ತದೆಯೇ, ಬಂದರೆ ಅದಕ್ಕೆ ಪ್ರತ್ಯೇಕ ಹಣ ತೆರಬೇಕೇ, ಬರಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವವರು ಯಾರು? ಕಳೆದ ನೂರು ವರ್ಷಗಳಲ್ಲಿ ನಮ್ಮ ಕಿವಿಗೂ ಕಣ್ಣಿಗೂ ಕನ್ನಡವನ್ನು ತಂದುಕೊಟ್ಟ ಸಾಧನಗಳನ್ನು ಈ ಒಂದು ಪ್ರಶ್ನೆಯೊಡನೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಬಂದವರು ಮನುಷ್ಯರೇ. ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ ಆಡುವ ಮೇಳಗಳು ಸುಗ್ಗಿ ಮುಗಿದ ಮೇಲೆ ಭೀಮೆಯ ಎರಡೂ ದಡದ ಊರುಗಳಲ್ಲಿ ಸಂಚರಿಸುತ್ತಿದ್ದವು. ಟಿಕೇಟಿನ ಮಾತಿರಲಿಲ್ಲ. ಊರವರು ಕಾಳು-ಕಡಿ ಕೂಡಿಸಿ ಕೊಡುತ್ತಿದ್ದರು, ಮೆಚ್ಚಿದವರು ಕೊಟ್ಟ ದುಡ್ಡನ್ನು ಅವರ ಹೆಸರು ಹಿಡಿದು ರಂಗದ ಮೇಲೆಯೇ ಕೂಗಿ ಹೇಳುತ್ತಿದ್ದರು. ಅನುಕೂಲವಿದ್ದವನು ಹೆಚ್ಚು ಕೊಟ್ಟ, ಇಲ್ಲದವನು ಬರಿಗೈಯಲ್ಲಿ ಕುಳಿತು ನೋಡಿದ. ಅನಂತರ ಕಂಪನಿ ನಾಟಕಗಳ ಕಾಲ. ಇಲ್ಲಿ ಒಂದು ಮಾತನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಸಾಂಗಲಿಯಲ್ಲಿ ಆಡಿದ ಆಟವೇ 1843ರಲ್ಲಿ ವಿಷ್ಣುದಾಸ ಭಾವೆಯವರ ಮರಾಠಿ ನಾಟಕಕ್ಕೆ ಪ್ರೇರಣೆಯಾಯಿತು. ಕೆಲವೇ ದಶಕಗಳಲ್ಲಿ ಗಾಳಿ ತಿರುಗಿ, ಮರಾಠಿ ಮಂಡಳಿಗಳು ಗದಗ-ಧಾರವಾಡದವರೆಗೂ ತುಂಬಿಕೊಂಡಾಗ, ಅವಕ್ಕೆ ಎದುರಾಗಿ ಕನ್ನಡ ಮಂಡಳಿಯನ್ನು ಕಟ್ಟಲು ಶಾಂತಕವಿಗಳು ಹೊರಡಬೇಕಾಯಿತು. ಕಲೆಗೆ ಗಡಿಯಿಲ್ಲವೆಂದು ವೇದಿಕೆಗಳಲ್ಲಿ ಹೇಳುವುದುಂಟು. ಕಲೆಗೆ ಇಲ್ಲದಿರಬಹುದು, ಆದರೆ ಡೇರೆ ಹೊಡೆದು ಕುಳಿತ ಕಂಪನಿಗೆ ದಿನದ ಗಲ್ಲಾಪೆಟ್ಟಿಗೆ ತುಂಬಲೇಬೇಕು. ಮೂರು ಭಾಷೆಗಳ ಸೊಲ್ಲಾಪುರದಲ್ಲಿ ಅದು ಯಾವ ಭಾಷೆಯ ಪ್ರೇಕ್ಷಕನಿಂದ ತುಂಬೀತು ಎಂಬುದನ್ನು ಕಂಪನಿಯ ಯಜಮಾನ ಮೊದಲೇ ಅಂದಾಜು ಮಾಡಿಕೊಳ್ಳುತ್ತಿದ್ದ. ತಲೆಯೆಣಿಕೆಯ ಈ ಅಂದಾಜು ಮುಂದೆ ಕೇಬಲ್ ಕಾಲದಲ್ಲಿಯೂ ನಮ್ಮನ್ನು ಬೆನ್ನಟ್ಟಿ ಬಂದಿತು.

ಗ್ರಾಮೊಫೋನು ಶ್ರೀಮಂತರ ಮನೆಯ ವಸ್ತು. 78 ಸುತ್ತಿನ ತಟ್ಟೆಯ ಒಂದು ಬದಿ ಮೂರು ಮಿನಿಟಿಗೆ ಮುಗಿಯುತ್ತಿತ್ತು, ಉಕ್ಕಿನ ಮುಳ್ಳನ್ನು ಅಡಿಗಡಿಗೆ ಬದಲಿಸಬೇಕಾಗುತ್ತಿತ್ತು. ನಮ್ಮಲ್ಲಿ ಬಹುಪಾಲು ಜನ ಅದನ್ನು ಕೇಳಿದ್ದು ಚಹಾದಂಗಡಿಯ ಬಾಗಿಲಲ್ಲಿ. ಚಲನಚಿತ್ರದ ಕಥೆ ಇದಕ್ಕಿಂತ ಸ್ವಾರಸ್ಯವುಳ್ಳದ್ದು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಹಾಪುರದಲ್ಲಿ. ಕನ್ನಡದ ಚಿತ್ರ ಮರಾಠಿ ನೆಲದಲ್ಲಿ ಹುಟ್ಟಿತು. ಆದರೆ ಮರಾಠಿ ನೆಲದಲ್ಲಿದ್ದ ಕನ್ನಡಿಗನಿಗೆ ಅಂಥ ಚಿತ್ರವನ್ನು ನೋಡುವುದು ಮುಂದೆ ದುಬಾರಿಯೇ ಆಯಿತು.

ಈ ದುಬಾರಿಗೆ ಪ್ರೇಕ್ಷಕರ ಕೊರತೆಯೊಂದೇ ಕಾರಣವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದ ಮೇಲೆ ಮನರಂಜನಾ ತೆರಿಗೆ ಆಯಾ ರಾಜ್ಯದ ಕೈಯಲ್ಲಿ ಉಳಿಯಿತು. ಕರ್ನಾಟಕ ಕನ್ನಡ ಚಿತ್ರಗಳಿಗೆ ತೆರಿಗೆ ವಿನಾಯಿತಿ ಕೊಟ್ಟಿತು, ಮಹಾರಾಷ್ಟ್ರ ಮರಾಠಿ ಚಿತ್ರಗಳಿಗೆ ಕೊಟ್ಟಿತು. ತಮಿಳುನಾಡು 2006ರಲ್ಲಿ ತಮಿಳು ಹೆಸರಿಟ್ಟ ಚಿತ್ರಗಳಿಗೇ ವಿನಾಯಿತಿ ಸಾರಿತು. ತಮ್ಮ ಭಾಷೆಯನ್ನು ಪೋಷಿಸುವ ಈ ಕ್ರಮಗಳನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಇವೆಲ್ಲವುಗಳ ಫಲ ಒಟ್ಟುಗೂಡಿ ಬಿದ್ದದ್ದು ಗಡಿಯವರ ಮೇಲೆ. ವಿಜಾಪುರದಲ್ಲಿ ರಿಯಾಯಿತಿ ಪಡೆದ ಅದೇ ಕನ್ನಡ ಚಿತ್ರದ ಪೆಟ್ಟಿಗೆ ಸುಮಾರು 100 ಕಿಲೋಮೀಟರ್ ಉತ್ತರಕ್ಕೆ ಸೊಲ್ಲಾಪುರಕ್ಕೆ ಬಂದರೆ ಪೂರ್ತಿ ತೆರಿಗೆ ಹೊರುವ ಪರಭಾಷಾ ಚಿತ್ರವಾಗುತ್ತಿತ್ತು. ಪಕ್ಕದ ಚಿತ್ರಮಂದಿರದ ಮರಾಠಿ ಚಿತ್ರಕ್ಕೆ ಆ ಹೊರೆಯಿಲ್ಲ. ಹೊಸೂರಿನಲ್ಲಿಯೂ ಕನ್ನಡ ಚಿತ್ರದ ಗತಿ ಇದೇ. ವಿತರಕ ವ್ಯಾಪಾರಿಯಾದ್ದರಿಂದ ಪೆಟ್ಟಿಗೆ ಕಳುಹಿಸಲು ಹಿಂದೆಗೆಯುತ್ತಿದ್ದ. ಹೀಗಾಗಿ ನಮ್ಮವರು ಹೋಟಗಿಯ ದಾರಿಯಾಗಿ ವಿಜಾಪುರಕ್ಕೋ, ಅಕ್ಕಲಕೋಟ ರೋಡಿನಿಂದ ಗಾಣಗಾಪುರದ ಕಡೆಯ ಗಾಡಿ ಹಿಡಿದು ಕಲಬುರಗಿಗೋ ಹೋಗಿ ಚಿತ್ರ ನೋಡಿ ಬರುತ್ತಿದ್ದರು. ಟಿಕೇಟಿನ ಹಣಕ್ಕಿಂತ ರೈಲಿನ ಹಣ ಹೆಚ್ಚು, ರೈಲಿನ ಹಣಕ್ಕಿಂತ ಆ ದಿನದ ಗಿರಣಿ ಕೂಲಿ ಹೋದದ್ದು ಇನ್ನೂ ಹೆಚ್ಚು.

ಈ ಎಲ್ಲ ಅಡೆತಡೆಗಳನ್ನು ದಾಟಿ ನಮ್ಮಲ್ಲಿಗೆ ಮೊದಲು ಬಂದದ್ದು ರೇಡಿಯೋ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಆರಂಭಿಸಿದ ಬಾನುಲಿಯಿಂದ 'ಆಕಾಶವಾಣಿ' ಎಂಬ ಹೆಸರು ನಾಡಿಗೆಲ್ಲ ಹಬ್ಬಿತು. ಆದರೆ ನಮ್ಮ ಸೀಮೆಗೆ ಅದು ಬಲು ದೂರ. ನಮಗೆ ದಕ್ಕಿದ್ದು 1950ರ ಜನವರಿಯಲ್ಲಿ ಆರಂಭವಾದ ಧಾರವಾಡ ಕೇಂದ್ರ, ಆಮೇಲೆ 1966ರಲ್ಲಿ ಬಂದ ಕಲಬುರಗಿ ಕೇಂದ್ರ. ಮೀಡಿಯಂ ವೇವ್ ಅಲೆಗಳ ಗುಣವೊಂದನ್ನು ಇಲ್ಲಿ ಹೇಳಬೇಕು. ಹಗಲಿನಲ್ಲಿ ಅವು ನೆಲಕ್ಕೆ ಅಂಟಿಕೊಂಡು ಒಂದಷ್ಟು ದೂರ ಸಾಗುತ್ತವೆ. ಕತ್ತಲಾದ ಮೇಲೆ ಮೇಲಿನ ಅಯಾನುಗೋಳಕ್ಕೆ ತಾಗಿ ಹಿಂದಿರುಗಿ ನೂರಾರು ಮೈಲಿ ಹೆಚ್ಚು ತಲುಪುತ್ತವೆ. ಹೊಲದಿಂದ, ಮಗ್ಗದಿಂದ ಮನುಷ್ಯ ಮನೆಗೆ ಬರುವ ಹೊತ್ತಿಗೇ ಕನ್ನಡವೂ ಮನೆಗೆ ಬರುತ್ತಿತ್ತು. ಯಾವ ರಾಜ್ಯದ ಆಜ್ಞೆಯೂ ಅದನ್ನು ಭೀಮೆಯ ದಡದಲ್ಲಿ ತಡೆಯಲಾರದು. ಚಿತ್ರಗೀತೆ ಬೇಕೆನಿಸಿದವರು ಸಿಲೋನಿನ ಕಡೆ ಮುಳ್ಳು ತಿರುಗಿಸುತ್ತಿದ್ದರು.

ಅದೂ ಪುಕ್ಕಟೆಯಾಗಿರಲಿಲ್ಲವೆಂಬುದನ್ನು ಇಂದಿನ ತರುಣರು ನಂಬಲಿಕ್ಕಿಲ್ಲ. ಮನೆಯಲ್ಲಿ ರೇಡಿಯೋ ಇಡಲು ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಪರವಾನಿಗೆ ಪಡೆಯಬೇಕಾಗಿತ್ತು. ಪುಸ್ತಕದಂಥ ಆ ಪರವಾನಿಗೆಯಲ್ಲಿ ಅಂಚೆಯ ಮುದ್ರೆ ಬೀಳುತ್ತಿತ್ತು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಯಿತು. ಆದರೆ 15 ರೂಪಾಯಿ ಕೊಟ್ಟವನ ರೇಡಿಯೋದಲ್ಲಿ ಮುಂಬಯಿ, ಪುಣೆ, ಧಾರವಾಡ, ಹೈದರಾಬಾದು ಎಲ್ಲವೂ ಬರುತ್ತಿದ್ದವು. ಕನ್ನಡಕ್ಕೆಂದು ಬೇರೆ ಪರವಾನಿಗೆ ಇರಲಿಲ್ಲ. ಮುಂದಿನ ಲೆಕ್ಕಕ್ಕೆ ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಅಲ್ಲದೆ, ಒಂದು ರೇಡಿಯೋ ಒಂದು ಓಣಿಗೆ ಸಾಕಾಗುತ್ತಿತ್ತು.

ದೂರದರ್ಶನ ಬಂದಾಗ ಗಡಿ ಮತ್ತೆ ಗಟ್ಟಿಯಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಿಂದ ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ಮಹಾರಾಷ್ಟ್ರ ಆ ಆರರಲ್ಲಿ ಇರಲಿಲ್ಲ. ಆಕಾಶದಿಂದ ಬೀಳುವ ಅಲೆ ವಿಜಾಪುರ ಜಿಲ್ಲೆಯ ಮೇಲೂ ಸೊಲ್ಲಾಪುರ ಜಿಲ್ಲೆಯ ಮೇಲೂ ಒಂದೇ ಸಮನಾಗಿ ಬಿದ್ದಿತು. ಆದರೆ ತಂತಿಬಲೆಯ ದೊಡ್ಡ ತಟ್ಟೆಯೂ ದೂರದರ್ಶನ ಪೆಟ್ಟಿಗೆಯೂ ಇದ್ದದ್ದು ಪಟ್ಟಿಯಲ್ಲಿದ್ದ ಜಿಲ್ಲೆಗಳ ಹಳ್ಳಿಗಳಲ್ಲಿ ಮಾತ್ರ. ಭೀಮೆಯ ಆಚೆ ಕನ್ನಡದಲ್ಲಿ ಬೇಸಾಯದ ಪಾಠ, ಈಚೆ ಖಾಲಿ ಆಕಾಶ.

ಎಂಬತ್ತರ ದಶಕದಲ್ಲಿ ಸಣ್ಣ ಶಕ್ತಿಯ ಪ್ರಸಾರ ಗೋಪುರಗಳು ಊರೂರಿಗೆ ಎದ್ದವು. ಅವು ತಮ್ಮ ರಾಜಧಾನಿಯ ಅಥವಾ ದಿಲ್ಲಿಯ ಕಾರ್ಯಕ್ರಮಗಳನ್ನು ಮರುಪ್ರಸಾರ ಮಾಡುವಂಥವು. ದೂರದರ್ಶನದ ಅಲೆ ನೇರ ರೇಖೆಯಲ್ಲಿ ಸಾಗುವಂಥದು. ರಾತ್ರಿಯಾದರೆ ಹೆಚ್ಚು ದೂರ ಹೋಗುವ ಔದಾರ್ಯ ಅದಕ್ಕಿಲ್ಲ. ಬೆಂಗಳೂರಿಗೆ 40 ಕಿಲೋಮೀಟರ್ ದೂರದ ಹೊಸೂರಿನವರು 1981ರ ನವೆಂಬರಿನಲ್ಲಿ ಬೆಂಗಳೂರು ಕೇಂದ್ರ ಬಂದ ಮೇಲೆ ಆಂಟೆನಾ ತಿರುಗಿಸಿ ಕನ್ನಡ ನೋಡಬಹುದಾಗಿತ್ತು. ಕಾಸರಗೋಡಿನವರಿಗೆ 1976ರಿಂದ ಮಂಗಳೂರು ಆಕಾಶವಾಣಿ ಕೂಗಳತೆಯಲ್ಲಿತ್ತು. ಅಕ್ಕಲಕೋಟದವರು ಎತ್ತರದ ಕೊಳವೆ ನೆಟ್ಟು, ಬೂಸ್ಟರ್ ಕೂಡಿಸಿ, ಕಲಬುರಗಿಯ ಕಡೆ ಮುಖ ಮಾಡಿಸಿ, ಹವೆ ಒಲಿದ ದಿನ ಹಿಮ ಸುರಿವಂಥ ಚಿತ್ರದಲ್ಲಿ ಕನ್ನಡ ಕಾಣುತ್ತಿದ್ದರು. ಗಡಿನಾಡು ಎಂಬುದು ಒಂದೇ ನಾಡಲ್ಲವೆಂಬುದು ನಮಗೆ ಆಂಟೆನಾ ಕಾಲದಲ್ಲಿಯೇ ತಿಳಿದಿತ್ತು. ಗಡಿಯಿಂದ ಎಷ್ಟು ದೂರ ಎಂಬುದಕ್ಕಿಂತ ಗೋಪುರದಿಂದ ಎಷ್ಟು ದೂರ ಎಂಬುದೇ ಕನ್ನಡದ ಹಣೆಬರಹವನ್ನು ಬರೆಯುತ್ತಿತ್ತು.

ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿದ್ದು ಧ್ವನಿಸುರುಳಿ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' 1978ರಲ್ಲಿ ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟಾಗಿ ಹೊರಬಂದಿತು. ಸೊಲ್ಲಾಪುರದ ಅಂಗಡಿಯಲ್ಲಿ ಕನ್ನಡ ಕ್ಯಾಸೆಟ್ ಸಿಗದಿದ್ದರೂ ಚಿಂತೆಯಿರಲಿಲ್ಲ. ತವರಿಗೆ ಹೋದ ಹೆಣ್ಣುಮಗಳು ಚೀಲದಲ್ಲಿ ಹಾಕಿಕೊಂಡು ಬಂದರೆ ಸಾಕು, ಖಾಲಿ ಸುರುಳಿಯ ಮೇಲೆ ಹತ್ತು ಮನೆಗೆ ನಕಲಾಗುತ್ತಿತ್ತು. ಹಕ್ಕುಸ್ವಾಮ್ಯದ ಕಾನೂನಿನ ಮುಂದೆ ಇದು ಸಮರ್ಥನೀಯವಲ್ಲ, ಕನ್ನಡ ಕಲಾವಿದರಿಗೆ ಅದರಿಂದ ನಷ್ಟವೂ ಆಯಿತು. ಆದರೂ ನಮ್ಮ ಮಕ್ಕಳ ಕಿವಿಯಲ್ಲಿ ಭಾವಗೀತೆ, ವಚನ, ಶರೀಫರ ತತ್ತ್ವಪದ ಉಳಿದದ್ದು ಬಹುಮಟ್ಟಿಗೆ ಈ ನಕಲು ಸುರುಳಿಗಳಿಂದಲೇ. ಕ್ಯಾಸೆಟ್ಟಿಗೆ ಇನ್ನೊಂದು ಗುಣವಿತ್ತು: ಒಮ್ಮೆ ಹಣ ಕೊಟ್ಟರೆ ಅದು ನಮ್ಮದು. ಜಾತ್ರೆಯ ಭಜನೆಯನ್ನೂ ಅಜ್ಜಿಯ ಬೀಸುಕಲ್ಲಿನ ಪದವನ್ನೂ ಅದರಲ್ಲಿ ನಾವೇ ತುಂಬಬಹುದಾಗಿತ್ತು.

ಕೇಬಲ್ ಯುಗ 1990ರ ದಶಕದ್ದು. 1994ರಲ್ಲಿ ಉದಯ ಟಿವಿ ಉಪಗ್ರಹದಿಂದ ಕನ್ನಡ ಪ್ರಸಾರ ಆರಂಭಿಸಿದಾಗ ನಮ್ಮ ಛಾವಣಿಯ ಮೇಲೆಯೂ ಕನ್ನಡ ಸುರಿಯತೊಡಗಿತು. ಆದರೆ ಅದನ್ನು ಹಿಡಿದು ಮನೆಗೆ ತರುವ ತಂತಿ ಕೇಬಲ್ ನಡೆಸುವವನ ಕೈಯಲ್ಲಿತ್ತು. ಹಳೆಯ ಅನಲಾಗ್ ತಂತಿಯಲ್ಲಿ ಕೂರಿಸಬಹುದಾದ ವಾಹಿನಿಗಳ ಸಂಖ್ಯೆ ಸೀಮಿತ, ಒಂದು ಕನ್ನಡ ವಾಹಿನಿ ಹಾಕಬೇಕಾದರೆ ಇನ್ನೊಂದನ್ನು ತೆಗೆಯಬೇಕು. 1995ರ ಕೇಬಲ್ ಕಾಯಿದೆ ದೂರದರ್ಶನದ ವಾಹಿನಿಗಳೊಡನೆ ರಾಜ್ಯವೊಂದರ ಪ್ರಾದೇಶಿಕ ಭಾಷಾ ವಾಹಿನಿಯನ್ನೂ ತೋರಿಸುವುದು ಕಡ್ಡಾಯವೆಂದು ವಿಧಿಸಿತು. ಸೊಲ್ಲಾಪುರದಲ್ಲಿ ಆ ಸ್ಥಾನ ಸಹಜವಾಗಿ ಮರಾಠಿಗೆ ಸಂದಿತು. ಮನೆಯೊಳಗಿನ ಭಾಷೆ ಯಾವುದೆಂದು ಆ ಕಾಯಿದೆ ಕೇಳಲಿಲ್ಲ. ಕನ್ನಡದ ಚಂದನವೋ ಉದಯವೋ ಬರಬೇಕಾದರೆ ಓಣಿಯ ಹಿರಿಯರು ಕೂಡಿಕೊಂಡು ಕೇಬಲ್ ಕಚೇರಿಗೆ ಹೋಗಿ, ಇಷ್ಟು ಮನೆಗಳು ನಮ್ಮವು, ಹಾಕದಿದ್ದರೆ ಸಂಪರ್ಕ ಬಿಡಿಸುತ್ತೇವೆ ಎಂದು ಹೇಳಬೇಕಾಗುತ್ತಿತ್ತು. ಎಷ್ಟೋ ಕಡೆ ಈ ಮಾತು ನಡೆಯಿತು. ಕಂಪನಿ ಯಜಮಾನನ ಹಳೆಯ ತಲೆಯೆಣಿಕೆಯೇ ಇಲ್ಲಿಯೂ ಇತ್ತು. ಆದರೆ ಈ ಸಲ ತಲೆಗಳು ತಾವಾಗಿಯೇ ಎದ್ದು ಹೋಗಿ ಎಣಿಸಿಕೊಂಡವು.

2004ರ ಕೊನೆಗೆ ಬಂದ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಬಡವರ ಪಾಲಿಗೆ ದೊಡ್ಡ ಉಪಕಾರ ಮಾಡಿತು. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಹಣ ಕೊಟ್ಟರೆ ತಿಂಗಳ ಚಂದಾ ಇಲ್ಲ. ಚಂದನ ಸೊಲ್ಲಾಪುರದಲ್ಲಿಯೂ ಮಡಿಕೇರಿಯಲ್ಲಿಯೂ ಒಂದೇ ಬಗೆಯಾಗಿ ಕಾಣುತ್ತಿತ್ತು. ಖಾಸಗಿ ಡಿಟಿಎಚ್ ಸೇವೆಗಳೂ ಬಂದವು. ಕೇಬಲ್ ಡಿಜಿಟಲ್ ಆಗಿ ಸ್ಥಳದ ಅಭಾವವೂ ನೀಗಿತು. ಇನ್ನು ಕನ್ನಡಕ್ಕೆ ಅಡ್ಡಿಯಿಲ್ಲವೆಂದುಕೊಳ್ಳುವಷ್ಟರಲ್ಲಿ ಅಡ್ಡಿ ದರದ ರೂಪದಲ್ಲಿ ಬಂದಿತು. 2019ರ ಫೆಬ್ರುವರಿಯಿಂದ ಜಾರಿಗೆ ಬಂದ ಟ್ರಾಯ್ ಸಂಸ್ಥೆಯ ಹೊಸ ದರ ಪದ್ಧತಿಯಲ್ಲಿ ಮೊದಲ 100 ವಾಹಿನಿಗಳ ಸಂಪರ್ಕಕ್ಕೆ ಆಗ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಇತ್ತು. ಅದರ ಮೇಲೆ ಪ್ರತಿಯೊಂದು ಶುಲ್ಕ ವಾಹಿನಿಗೂ ಬೇರೆ ದರ. ಗುಚ್ಛದಲ್ಲಿ ಸೇರಿಸುವ ವಾಹಿನಿಗೆ 19 ರೂಪಾಯಿಯ ಮಿತಿ. ಬೇಕಾದುದಕ್ಕೆ ಮಾತ್ರ ಹಣ ಕೊಡಿ ಎಂಬ ತತ್ತ್ವ ನ್ಯಾಯವಾದುದೇ. ಒಂದೇ ಭಾಷೆಯ ಮನೆಗೆ ಅದರಿಂದ ಉಳಿತಾಯವೂ ಆಗಿರಬಹುದು. ನಮ್ಮ ಮನೆಗಳು ಅಂಥವಲ್ಲ. ಮಕ್ಕಳ ಶಾಲೆಯ ಭಾಷೆ ಮರಾಠಿ, ಯಜಮಾನರ ಸುದ್ದಿಯ ಭಾಷೆ ಹಿಂದಿ, ಅಜ್ಜಿಯ ಧಾರಾವಾಹಿಯ ಭಾಷೆ ಕನ್ನಡ. ಮಹಾರಾಷ್ಟ್ರದ ಚಂದಾದಾರರಿಗೆಂದು ಹೊಲಿದ ಗುಚ್ಛದಲ್ಲಿ ಮೊದಲೆರಡು ಒಳಗಿರುತ್ತವೆ, ಮೂರನೆಯದನ್ನು ಮೇಲೆ ಕೊಳ್ಳಬೇಕು. 19 ರೂಪಾಯಿಯ ನಾಲ್ಕು ಕನ್ನಡ ವಾಹಿನಿಗಳನ್ನು ಬಿಡಿಯಾಗಿ ಕೊಂಡರೆ 76 ರೂಪಾಯಿ, ತೆರಿಗೆ ಸೇರಿ ಹತ್ತಿರ ಹತ್ತಿರ 90. ಗುಚ್ಛವಾಗಿ ಕೊಂಡರೆ ಕೊಂಚ ಅಗ್ಗವಾದೀತು. ಬಿಡಿಯಾಗಿ ಕೊಂಡವರಿಗೆ ಕನ್ನಡವೊಂದಕ್ಕೇ ವರ್ಷಕ್ಕೆ ಸಾವಿರ ರೂಪಾಯಿಗೂ ಮಿಕ್ಕಿದ ಬಾಬು. ಖರ್ಚು ಕಡಿಮೆ ಮಾಡಬೇಕೆಂದು ಮನೆಯವರು ಕುಳಿತಾಗ ಮೊದಲು ಕತ್ತರಿ ಬೀಳುವುದು ಈ ಮೇಲಿನ ಬಾಬಿಗೇ. ಹಾಗೆ ಕತ್ತರಿಸಿದ ಮನೆಗಳು ನಮ್ಮಲ್ಲಿ ಅನೇಕ ಇವೆ. ಅಲ್ಲಿ ಅಜ್ಜಿ ಮರಾಠಿ ಧಾರಾವಾಹಿಗೆ ಹೊಂದಿಕೊಂಡಳು.

ಸ್ಟ್ರೀಮಿಂಗ್ ಸೇವೆಗಳ ದರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವು ಬಂದ ಹೊಸತರಲ್ಲಿ ನಮಗೆ ಎಟುಕುವಂಥವಾಗಿರಲಿಲ್ಲ. 2016ರ ಜನವರಿಯಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸ್ ತಿಂಗಳಿಗೆ 500 ರೂಪಾಯಿಯಿಂದ ಆರಂಭಿಸಿತು. ಅದಕ್ಕಿಂತ ಭಾರವಾದದ್ದು ಡೇಟಾ ದರ. ಒಂದು ಜಿಬಿಗೆ 200-250 ರೂಪಾಯಿ ಇದ್ದ ಆ ದಿನಗಳಲ್ಲಿ ಎರಡೂವರೆ ತಾಸಿನ ಚಿತ್ರಕ್ಕೆ ಎರಡು ಜಿಬಿ ಬೇಕೆಂದರೆ, ಅದೇ ಹಣದಲ್ಲಿ ಮನೆಮಂದಿಯೆಲ್ಲ ಚಿತ್ರಮಂದಿರಕ್ಕೆ ಹೋಗಿ ಬರಬಹುದಾಗಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ದರ ಕುಸಿದ ಮೇಲೆಯೇ ಈ ಸೇವೆಗಳು ನಿಜವಾಗಿ ಓಣಿಗೆ ಇಳಿದವು. ಅದೇ ವರ್ಷದ ಕೊನೆಗೆ ಅಮೆಜಾನ್ ಪ್ರೈಮ್ ವಿಡಿಯೋ, 2017ರಲ್ಲಿ ಸನ್ ನೆಕ್ಸ್ಟ್, 2018ರಲ್ಲಿ ಝೀ5 ಬಂದವು. 2020ರ ಜುಲೈಯಲ್ಲಿ ಚಿತ್ರಮಂದಿರಗಳು ಮುಚ್ಚಿದ್ದಾಗ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಕನ್ನಡ ಚಿತ್ರಗಳು ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಬೆಂಗಳೂರಿನವರಿಗೆ ಅದು ಅನಿವಾರ್ಯದ ಏರ್ಪಾಡು. ನಮಗೆ ಅದು ಕನ್ನಡ ಚಿತ್ರವೊಂದನ್ನು ಬೆಂಗಳೂರಿನವರೊಡನೆ ಒಂದೇ ದಿನ, ಒಂದೇ ದರಕ್ಕೆ ನೋಡಿದ ಅಪರೂಪದ ಸಂದರ್ಭ. ತೆರಿಗೆಯ ಭೇದವಿಲ್ಲ, ಪೆಟ್ಟಿಗೆಗಾಗಿ ಕಾಯುವುದಿಲ್ಲ, ಹೋಟಗಿಯಲ್ಲಿ ಗಾಡಿ ಬದಲಿಸುವುದಿಲ್ಲ.

2021ರ ಡಿಸೆಂಬರಿನಲ್ಲಿ ಪ್ರೈಮ್ ವಾರ್ಷಿಕ ಚಂದಾ 999ರಿಂದ 1,499 ರೂಪಾಯಿಗೆ ಏರಿತು. ಅದೇ ತಿಂಗಳು ನೆಟ್‌ಫ್ಲಿಕ್ಸ್ ತನ್ನ ಮೊಬೈಲ್ ಚಂದಾವನ್ನು 199ರಿಂದ 149ಕ್ಕೆ ಇಳಿಸಿತು. ಒಂದೊಂದೇ ನೋಡಿದರೆ ಕೇಬಲಿಗಿಂತ ಅಗ್ಗ. ಆದರೆ ಕನ್ನಡ ಒಂದೇ ಅಂಗಡಿಯಲ್ಲಿಲ್ಲ. ಒಂದು ವಾಹಿನಿಯ ಧಾರಾವಾಹಿ ಒಂದು ಆ್ಯಪಿನಲ್ಲಿ, ಇನ್ನೊಂದರದು ಮತ್ತೊಂದರಲ್ಲಿ, ಹೊಸ ಚಿತ್ರ ಮೂರನೆಯದರಲ್ಲಿ. ಎಲ್ಲಕ್ಕೂ ಚಂದಾ ಕಟ್ಟಿ, ಡೇಟಾ ಖರ್ಚು ಸೇರಿಸಿ, ಮನೆಯಲ್ಲಿ ಎಷ್ಟು ಮೊಬೈಲುಗಳಿವೆಯೋ ಅಷ್ಟರ ರೀಚಾರ್ಜು ಕೂಡಿಸಿದರೆ ಕೇಬಲಿನ ಲೆಕ್ಕವನ್ನು ಮೀರುವುದು ಕಷ್ಟವಲ್ಲ. ಆದ್ದರಿಂದ ಸ್ಟ್ರೀಮಿಂಗ್ ಅಗ್ಗವೆಂಬ ಮಾತನ್ನು ನಾವು ಹಾಗೆಯೇ ಒಪ್ಪಲಾರೆವು. ನಮಗೆ ಅದರಿಂದ ಆದ ನಿಜವಾದ ಲಾಭ ಬೇರೆ. ಇಲ್ಲಿ ಚಂದಾ ಸೇವೆಗೆ, ಭಾಷೆಗಲ್ಲ. ಮರಾಠಿ ನೋಡಿದವನಿಗೂ ಕನ್ನಡ ನೋಡಿದವನಿಗೂ ಅದೇ ಹಣ. 15 ರೂಪಾಯಿಯ ರೇಡಿಯೋ ಪರವಾನಿಗೆಯ ನ್ಯಾಯ ಅರ್ಧ ಶತಮಾನದ ಮೇಲೆ ಮರಳಿ ಬಂದಿದೆ. ಖರ್ಚು ಕಡಿತದ ದಿನ ಕನ್ನಡವೊಂದನ್ನೇ ಬೇರ್ಪಡಿಸಿ ಕತ್ತರಿಸಲು ಇಲ್ಲಿ ಬರುವುದಿಲ್ಲ. ಆಕಾಶವಾಣಿಯ ಆ್ಯಪಿನಲ್ಲಿ ಧಾರವಾಡ ಕೇಂದ್ರ ಈಗ ಹಗಲಿನಲ್ಲಿಯೂ ಗೊರಗೊರ ಸದ್ದಿಲ್ಲದೆ ಕೇಳುತ್ತದೆ, ಅದಕ್ಕೆ ಚಂದಾ ಇಲ್ಲ. ಯೂಟ್ಯೂಬಿನಲ್ಲಿ ಜಾಹೀರಾತು ಸಹಿಸಿಕೊಂಡರೆ ಹಳೆಯ ಚಿತ್ರ, ಪಾರಿಜಾತ, ಯಕ್ಷಗಾನ ಎಲ್ಲವೂ ದೊರೆಯುತ್ತವೆ.

ಕಳೆದುಕೊಂಡದ್ದನ್ನೂ ಬರೆದಿಡಬೇಕು. ಕೇಬಲ್ ಕಚೇರಿಗೆ ಹೋಗಿ ಕೇಳಿದಂತೆ ಈ ಸೇವೆಗಳನ್ನು ಕೇಳಲು ನಮ್ಮೂರಲ್ಲಿ ಬಾಗಿಲಿಲ್ಲ. ಸೊಲ್ಲಾಪುರದಲ್ಲಿ ಎಷ್ಟು ಮನೆಗಳು ಕನ್ನಡ ನೋಡುತ್ತವೆ ಎಂಬುದು ಆ ಕಂಪನಿಗಳಿಗೆ ಗೊತ್ತಿರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಸಂಘದ ವಾರ್ಷಿಕ ವರದಿಯಲ್ಲಿ ಇಷ್ಟು ಮನೆಗಳ ಬೇಡಿಕೆಯ ಮೇರೆಗೆ ಇಂಥ ವಾಹಿನಿ ಆರಂಭವಾಯಿತೆಂದು ಬರೆಯುವ ಕಾಲ ಮುಗಿಯಿತು. ಒಂದು ರೇಡಿಯೋದ ಸುತ್ತ ಕುಳಿತ ಓಣಿ ಈಗ ಒಂದೊಂದು ಮೊಬೈಲಿನ ಮುಂದೆ ಒಬ್ಬೊಬ್ಬರಾಗಿದೆ. ಅಜ್ಜಿಯ ಮೊಬೈಲಿನಲ್ಲಿ ಕನ್ನಡ ಹರಿಯುತ್ತಿರುವಾಗ ಪಕ್ಕದಲ್ಲೇ ಕುಳಿತ ಮೊಮ್ಮಗನ ಕಿವಿಗೆ ಇಯರ್‌ಫೋನು ಸಿಕ್ಕಿಸಿದೆ. ಒಂದೇ ಟಿವಿ ಇದ್ದ ಕಾಲದಲ್ಲಿ ಬೇಡವೆಂದರೂ ಅವನ ಕಿವಿಗೆ ಅಜ್ಜಿಯ ಭಾಷೆ ಬೀಳುತ್ತಿತ್ತು. ಕನ್ನಡ ಶಾಲೆಗೆ ಹೋಗದ ಮಗುವಿಗೆ ಹಾಗೆ ಬಿದ್ದ ಮಾತೇ ಅರ್ಧ ಪಾಠವಾಗಿತ್ತು.

ಚಂದಾ ಕಟ್ಟಿದ ಸೇವೆಯಲ್ಲಿ ಇಂದು ಇದ್ದ ಚಿತ್ರ ಹಕ್ಕಿನ ಅವಧಿ ಮುಗಿದರೆ ನಾಳೆ ಇರುವುದಿಲ್ಲ. ಕ್ಯಾಸೆಟ್ ನಮ್ಮದಾಗಿತ್ತು ಎಂದೆವು. ಆದರೆ ಅದೂ ಅಳಿಯುವ ವಸ್ತುವೇ. ಮೂವತ್ತು-ನಲವತ್ತು ವರ್ಷಗಳಾದ ಸುರುಳಿಗೆ ಬೂಷ್ಟು ಹಿಡಿಯುತ್ತದೆ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಲೇಪ ಉದುರುತ್ತದೆ. ನುಡಿಸುವ ಯಂತ್ರಗಳೂ ಗುಜರಿಗೆ ಹೋಗುತ್ತಿವೆ. ನಮ್ಮ ಮನೆಗಳ ಅಟ್ಟದ ಮೇಲೆ ಈಗಲೂ ಡಬ್ಬಿಗಳಲ್ಲಿ ಇರುವ ಜಾತ್ರೆಯ ಭಜನೆ, ಬೀಸುವ ಪದ, ಸೋಬಾನೆ, ಅಕ್ಕಲಕೋಟದ ಕಡೆಯ ಕನ್ನಡದಲ್ಲಿ ಹೇಳಿದ ಕಥೆಗಳು ಯಾವ ಸ್ಟ್ರೀಮಿಂಗ್ ಸೇವೆಯಲ್ಲಿಯೂ ಇಲ್ಲ, ಯಾವ ಚಂದಾಕ್ಕೂ ದೊರೆಯುವುದಿಲ್ಲ. ಅವುಗಳಲ್ಲಿ ಹಾಡಿದವರು ಬಹುಮಂದಿ ಇಂದು ನಮ್ಮೊಡನಿಲ್ಲ. ಕೆಟ್ಟಿಲ್ಲದ ಒಂದು ಟೇಪ್ ರೆಕಾರ್ಡರು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ತಂತಿ, ಸುರುಳಿಯೊಂದಕ್ಕೆ ಒಂದೋ ಒಂದೂವರೆಯೋ ತಾಸಿನ ವೇಳೆ, ಹಾಡಿದವರ ಹೆಸರೂ ಊರೂ ಬರೆದಿಡುವ ಒಂದು ವಹಿ, ಇಷ್ಟೇ ಇದಕ್ಕೆ ಬೇಕಾದದ್ದು. ಅಂಥ ಡಬ್ಬಿಗಳು ಯಾರ ಮನೆಯಲ್ಲಿದ್ದರೂ ಸಮ್ಮೇಳನಕ್ಕೆ ಬರುವಾಗ ಜೊತೆಗೆ ತರಬೇಕೆಂದು ಕೇಳಿಕೊಳ್ಳುತ್ತೇವೆ.